ಜೊತೆಗಾರ ಇಲ್ಲದವರ ಪೆಟ್ಟಿಗೆ

ಡಿಸೆಂಬರ್ ಬಂದರೆ ಪುಣೆಯಲ್ಲಿ ಸವಾಯಿ ಗಂಧರ್ವ ಮಹೋತ್ಸವ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು ಮುಂದೆ ನಿಂತು 1953ರಲ್ಲಿ ಶುರುಮಾಡಿದ ಸಂಗೀತದ ಹಬ್ಬ ಇದು. ಅಲ್ಲಿ ಗಾಯಕರ ಬೆನ್ನ ಹಿಂದೆ ಇಬ್ಬರು ಶಿಷ್ಯರು ತಂಬೂರಿ ಮೀಟುತ್ತ ಕೂತಿರುತ್ತಾರೆ. ಅವರ ಹೆಸರನ್ನು ಹೆಚ್ಚಿನವರು ಕೇಳುವುದಿಲ್ಲ. ಆದರೆ ಹಾಡಿನ ನೆಲವೆಲ್ಲ ಅವರದೇ.

ಮನೆಯಲ್ಲಿ ಒಬ್ಬರೇ ಅಭ್ಯಾಸಕ್ಕೆ ಕೂತರೆ ತಂಬೂರಿ ಮೀಟುವವರು ಯಾರು? ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಮಿರಜಿನ ಕುಶಲಕರ್ಮಿಗಳು ಸೋರೆ ಬುರುಡೆ, ಮರ, ತಂತಿಗಳಿಂದ ಹೊರಡಿಸುತ್ತಿದ್ದ ನಾದ ಈಗ ಸರ್ಕ್ಯೂಟಿನಿಂದ ಬರತೊಡಗಿತು. ನಮ್ಮ ಎಷ್ಟೋ ಮನೆಗಳಿಗೆ ಎಲೆಕ್ಟ್ರಾನಿಕ್ ಸಂಗೀತ ಕಾಲಿಟ್ಟಿದ್ದು ಹೀಗೆ, ದೇವರ ಮನೆಯ ಪಕ್ಕದಲ್ಲಿ, ಯಾವ ಸದ್ದುಗದ್ದಲವೂ ಇಲ್ಲದೆ.

ಎರಡೇ ವರ್ಷದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಕೂಡ ಒಂಟಿಯಾಗಿ ಅಭ್ಯಾಸ ಮಾಡುವವರಿಗೆಂದು ಒಂದು ಪೆಟ್ಟಿಗೆ ತಂದಿತು. ಅದರ ಹೆಸರು ಟಿಬಿ-303. ಜೊತೆಗೆ ಬೇಸ್ ನುಡಿಸುವವರು ಸಿಗದ ಗಿಟಾರ್ ವಾದಕರಿಗಾಗಿ ಮಾಡಿದ್ದು. ಆದರೆ ಅದರ ಸದ್ದು ಬೇಸ್ ಗಿಟಾರಿನ ಹಾಗೆ ಇರಲೇ ಇಲ್ಲ. 1984ರ ಹೊತ್ತಿಗೆ ತಯಾರಿಕೆಯೇ ನಿಂತುಹೋಯಿತು.

ಅಷ್ಟರಲ್ಲಿ ಅದು ಮುಂಬಯಿಗೆ ಬಂದಿತ್ತು. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅದನ್ನು ಟಿಆರ್-808 ಡ್ರಮ್ ಯಂತ್ರಕ್ಕೂ ಜ್ಯೂಪಿಟರ್-8 ಸಿಂಥಸೈಜರಿಗೂ ಜೋಡಿಸಿ ಮನೆಯಲ್ಲಿ ರಾಗಗಳನ್ನು ನುಡಿಸಿ ನೋಡಿದರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ ಅವರ ರೆಕಾರ್ಡ್ ಹೊರಬಂತು. ಕೊಳ್ಳುವವರು ಸಿಗಲಿಲ್ಲ.

ಮುಂದಿನ ಕತೆ ಶಿಕಾಗೋದ್ದು. ಅಲ್ಲಿ ಸ್ಪ್ಯಾಂಕಿ ಎಂಬಾತ ಅದೇ ಪೆಟ್ಟಿಗೆಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಗೆಳೆಯ ಡಿಜೆ ಪಿಯೆರ್ ಅದರ ಗುಂಡಿಗಳನ್ನು ಸುಮ್ಮನೆ ತಿರುಗಿಸುತ್ತ ಹೋದ. ಹುಟ್ಟಿದ ವಿಚಿತ್ರ ಸದ್ದನ್ನು ಗೆಳೆಯರು ಕ್ಯಾಸೆಟ್ಟಿಗೆ ತುಂಬಿ ರಾನ್ ಹಾರ್ಡಿ ಎಂಬ ಡಿಜೆಗೆ ಕೊಟ್ಟರು. ಆತ ಕ್ಲಬ್ಬಿನಲ್ಲಿ ಹಾಕಿದಾಗ ಮೊದಲು ಯಾರೂ ಕುಣಿಯಲಿಲ್ಲವಂತೆ. ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿದ. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದರಂತೆ. 1987ರಲ್ಲಿ ಅದು ‘ಆಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ಬಂತು. ಆಸಿಡ್ ಹೌಸ್ ಎಂಬ ಪ್ರಕಾರವೇ ಬೆಳೆಯಿತು. ಚರಣ್‌ಜಿತ್ ರೆಕಾರ್ಡ್ 2010ರಲ್ಲಿ ಮರುಮುದ್ರಣವಾದಾಗ, ಐದು ವರ್ಷ ಮೊದಲೇ ಮುಂಬಯಿಯಲ್ಲಿ ಹೀಗೊಂದು ಸದ್ದು ಹುಟ್ಟಿತ್ತೇ ಎಂದು ಹೊರಗಿನವರು ಬೆರಗಾದರು.

ಪೆಟ್ಟಿಗೆ ಎರಡೂ ಕಡೆ ಒಂದೇ. ಶಿಕಾಗೋದಲ್ಲಿ ಹೆಚ್ಚಿಗೆ ಇದ್ದದ್ದು ಪಕ್ಕದಲ್ಲಿ ಕೂತ ಗೆಳೆಯ, ಮತ್ತು ನಾಲ್ಕು ಸಲ ಹಾಕುವ ಹಟದ ಒಬ್ಬ ಡಿಜೆ. ತಂಬೂರಿ ಮೀಟುವ ಶಿಷ್ಯನೂ ಬರೀ ಶ್ರುತಿ ಕೊಡುವುದಿಲ್ಲ, ಹಾಡನ್ನು ಕೇಳಿಸಿಕೊಳ್ಳುತ್ತಾನೆ. ಪೆಟ್ಟಿಗೆಯಿಂದ ಆಗದ ಕೆಲಸ ಅದೊಂದೇ.

ಈಗ ಈ ಯಂತ್ರಗಳ ಸದ್ದೆಲ್ಲ ಲ್ಯಾಪ್‌ಟಾಪಿನೊಳಗೇ ಸಿಗುತ್ತದೆ. ಪುಣೆಯ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಸದ್ದು ಜೋಡಿಸುವುದು ಸುಲಭ. ಆದರೂ ಶನಿವಾರ ರಾತ್ರಿ ರೂಮ್‌ಮೇಟನ್ನು ಕರೆದು ಒಮ್ಮೆ ಕೇಳಿಸಿ. ‘ಇದೇನ್ ಮಾರಾಯ’ ಎಂದಾನು. ಎಂದರೂ ಇನ್ನೊಂದು ಸಲ ಹಾಕಿ.