ಬಳ್ಳಾಪುರ, ಬಾಲಾಪುರ

ಯಲಹಂಕವನ್ನು ದಾಟಿ ಉತ್ತರಕ್ಕೆ ಸಾಗುವ ರೈಲಿನಲ್ಲಿ ನಾವು ಒಮ್ಮೆ ದೊಡ್ಡಬಳ್ಳಾಪುರಕ್ಕೆ ಹೋಗುತ್ತಿದ್ದೆವು. ಎದುರಿಗೆ ಆ ಊರಿನವರೇ ಆದ ವೃದ್ಧರೊಬ್ಬರು ಕುಳಿತಿದ್ದರು, ಮಗ್ಗದ ಕಸುಬಿನವರು. ಊರಿಗೆ ಈ ಹೆಸರು ಹೇಗೆ ಬಂದಿತೆಂದು ಕೇಳಿದೆವು. ಅವರು ಕ್ಷಣವೂ ತಡೆಯಲಿಲ್ಲ. ಪೂರ್ವದಲ್ಲಿ ಅಲ್ಲಿ ಕಾಡಿತ್ತಂತೆ, ಕಾಡಿನಲ್ಲೊಂದು ಹುತ್ತ, ಒಂದು ಹಸು ದಿನವೂ ಬಂದು ಆ ಹುತ್ತದ ಮೇಲೆ ಬಳ್ಳದಷ್ಟು ಹಾಲನ್ನು ಕರೆದು ಹೋಗುತ್ತಿತ್ತಂತೆ. "ಕರೆದದ್ದು ಬಳ್ಳ ಹಾಲು, ಕಟ್ಟಿದ್ದು ಬಳ್ಳಾಪುರ. ಅದರಲ್ಲಿ ಇನ್ನೇನಿದೆ ಸ್ವಾಮಿ ತಿಳಿಯುವುದು?" ಎಂದರು. ಪಕ್ಕದಲ್ಲಿದ್ದ ಉಪಾಧ್ಯಾಯರೊಬ್ಬರಿಗೆ ಇದು ಸಹಿಸಲಿಲ್ಲ. "ಹಾಗಲ್ಲ ಯಜಮಾನರೇ, ಅದು ಹೊಯ್ಸಳ ಬಲ್ಲಾಳರಾಯರ ಪುರ, ಬಲ್ಲಾಳಪುರವೇ ಸವೆದು ಬಳ್ಳಾಪುರವಾಯಿತು" ಎಂದರು. ಚರ್ಚೆ ಬೆಳೆಯಿತು. ಊರು ಬಂದರೂ ಮುಗಿಯಲಿಲ್ಲ. ಇಬ್ಬರೂ ನಮ್ಮ ಮುಖವನ್ನು ನೋಡಿದರು. ನಾವು ತೀರ್ಪು ಹೇಳಲಾರದೆ ಕೆಳಗಿಳಿದೆವು.

ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಹೆಸರಿನ ಅರ್ಥವೆಂಬುದು ವಿರಾಮಕಾಲದ ವಿನೋದವೆಂದು ಹಲವರು ಭಾವಿಸುತ್ತಾರೆ. ಆದರೆ ಕಿವಿಗೆ ಒಂದೇ ಬಗೆಯಾಗಿ ಕೇಳಿಸುವ ಎರಡು ಹೆಸರುಗಳನ್ನು ಒಂದೇ ಎಂದು ಎಣಿಸಿದರೆ ಒಂದು ಊರಿನ ಚರಿತ್ರೆ ಇನ್ನೊಂದು ಊರಿನ ಲೆಕ್ಕಕ್ಕೆ ಸೇರಿಹೋಗುತ್ತದೆ. ಬೆಂಗಳೂರು ಗ್ರಾಮಾಂತರ ಪ್ರಾಂತದಲ್ಲಿಯೇ ಇದಕ್ಕೆ ಸಾಕಷ್ಟು ನಿದರ್ಶನಗಳಿವೆ.

ಮೊದಲು ಎಲ್ಲರೂ ಬಲ್ಲ ಕಥೆಯನ್ನು ನೋಡೋಣ. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಆದುದರಿಂದ ಆ ಸ್ಥಳ ಬೆಂದಕಾಳೂರಾಗಿ ಬೆಂಗಳೂರಾಯಿತು ಎಂಬುದು ಕಥೆ. ಇಮ್ಮಡಿ ವೀರಬಲ್ಲಾಳನು ಆಳಿದ್ದು ಸುಮಾರು ೧೧೭೩ರಿಂದ ೧೨೨೦ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೇಳುತ್ತದೆ. ನಾಗತ್ತರನ ಪರಿವಾರದ ಬುಟ್ಟಣಸೆಟ್ಟಿಯು ಅದರಲ್ಲಿ ಮಡಿದನು. ಆ ಕಲ್ಲಿನ ಕಾಲ ಸುಮಾರು ೮೯೦. ಎಂದಮೇಲೆ ಬಲ್ಲಾಳನು ಕಾಳನ್ನು ತಿನ್ನುವುದಕ್ಕೆ ಮುನ್ನೂರು ವರುಷ ಮೊದಲೇ ಊರಿಗೆ ಆ ಹೆಸರಿತ್ತು. ಕಥೆ ರುಚಿಯಾಗಿದೆ; ಕಲ್ಲು ಅದನ್ನು ಒಪ್ಪುವುದಿಲ್ಲ.

ಬಳ್ಳಾಪುರದ ಹಸುವಿನ ಕಥೆಯೂ ಇದೇ ಜಾತಿಯದು. ಹುತ್ತದ ಮೇಲೆ ಹಾಲು ಕರೆಯುವ ಹಸು ತಿರುಪತಿಯ ಸ್ಥಳಪುರಾಣದಲ್ಲಿಯೂ ಇದೆ, ನಮ್ಮ ನಾಡಿನ ಎಷ್ಟೋ ಗುಡಿಗಳ ಐತಿಹ್ಯಗಳಲ್ಲಿಯೂ ಇದೆ. ಘಾಟಿ ಸುಬ್ರಹ್ಮಣ್ಯವು ಇದೇ ತಾಲ್ಲೂಕಿನಲ್ಲಿದೆ. ನಾಗಪೂಜೆ ಬೇರೂರಿದ ನೆಲದಲ್ಲಿ ಹುತ್ತದ ಕಥೆ ಹುಟ್ಟದಿದ್ದರೆ ಆಶ್ಚರ್ಯ. ಆದರೂ ಈ ಕಥೆಯನ್ನು ನಾವು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಹಸುವು ಬಂದಿತೋ ಇಲ್ಲವೋ, ಕಥೆ ಕಟ್ಟಿದವರ ಕಿವಿಗೆ ಆ ಹೆಸರಿನಲ್ಲಿ 'ಬಳ್ಳ' ಎಂಬ ಅಳತೆಯೇ ಕೇಳಿಸಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಬಳ್ಳವೆಂದರೆ ಕೊಳಗಕ್ಕಿಂತ ಕಿರಿದಾದ ಅಳತೆ. ಇಂದಿನ ಮಕ್ಕಳಿಗೆ ಸೇರೇ ತಿಳಿಯದು, ಬಳ್ಳವನ್ನು ಕೇಳುವುದೇಕೆ?

ಇನ್ನು ಉಪಾಧ್ಯಾಯರ ಪಕ್ಷ. ಬಲ್ಲಾಳ ಶಬ್ದದಲ್ಲಿರುವುದು ಲಕಾರದ ಒತ್ತು. ಬಳ್ಳಾಪುರದಲ್ಲಿರುವುದು ಳಕಾರದ ಒತ್ತು. ಕನ್ನಡಿಗನ ನಾಲಗೆ ಇವೆರಡನ್ನೂ ಸುಲಭವಾಗಿ ಬೆರಸುವುದಿಲ್ಲ. 'ಬಲ್ಲ' ಎಂದರೆ ತಿಳಿದಿರುವನು, 'ಬಳ್ಳ' ಎಂದರೆ ಅಳತೆ. ಮುಂದಿನ ಳಕಾರದ ಸೆಳೆತದಿಂದ ಹಿಂದಿನ ಲಕಾರವು ಮಾರ್ಪಟ್ಟಿತೆಂದು ವಾದಿಸಬಹುದು, ಅಸಾಧ್ಯವೇನಲ್ಲ. ಅಲ್ಲದೆ ಉಪಾಧ್ಯಾಯರ ಕೈಯಲ್ಲಿ ಒಂದು ಬಲವಾದ ಆಯುಧವಿದೆ: ಬಳ್ಳದಿಂದ ಬಂದ ಪುರವು ಬಳ್ಳಪುರವಾಗಬೇಕಾಗಿತ್ತು, ನಡುವೆ ದೀರ್ಘವೇಕೆ? ಬಲ್ಲಾಳನಲ್ಲಿ ಆ ದೀರ್ಘವು ಮೊದಲೇ ಇದೆ. ಇದಕ್ಕೆ ನಮ್ಮ ಉತ್ತರವಿಷ್ಟೆ. ಲಿಂಗಾಪುರ, ಮಲ್ಲಾಪುರ, ರಂಗಾಪುರ, ರಾಮಾಪುರ ಎಂಬ ಹಳ್ಳಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಪುರದ ಹಿಂದಿನ ಸ್ವರವನ್ನು ಎಳೆಯುವುದು ಜನರ ವಾಡಿಕೆ. ಅದಕ್ಕೆ ರಾಜನ ಹಂಗು ಬೇಕಾಗಿಲ್ಲ. ಆದುದರಿಂದ ನಮ್ಮ ಒಲವು ಆ ನೇಯ್ಗೆಯ ವೃದ್ಧರ ಕಡೆಗೆ. ತಕ್ಕಡಿ ಬಹಳವೇನೂ ವಾಲಿಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಇಷ್ಟು ಕನ್ನಡದ ಮಾತಾಯಿತು. ಪೇಚು ಪ್ರಾರಂಭವಾಗುವುದು ಹೆಸರು ಪರಭಾಷೆಯ ಕಿವಿಗೆ ಬಿದ್ದಾಗ. ೧೬೩೮ರ ಸುಮಾರಿಗೆ ಬಿಜಾಪುರದ ಆದಿಲಶಾಹಿ ಸೈನ್ಯವು ರಣದುಲ್ಲಾಖಾನನ ನಾಯಕತ್ವದಲ್ಲಿ ಈ ಸೀಮೆಯನ್ನು ಗೆದ್ದಿತು. ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರಗಳು ಶಹಾಜಿಯ ವಶಕ್ಕೆ ಬಂದವು. ೧೬೮೭ರಲ್ಲಿ ಮೊಗಲರು ಶಿರಾವನ್ನು ರಾಜಧಾನಿಯಾಗಿ ಮಾಡಿಕೊಂಡು ರಚಿಸಿದ ಪ್ರಾಂತದ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರ ಒಂದು, ಹೊಸಕೋಟೆ ಇನ್ನೊಂದು. ಹೀಗೆ ನಮ್ಮ ಊರು ಪಾರಸಿ ದಫ್ತರಗಳಿಗೆ ಏರಿತು. ಪಾರಸಿ ಲಿಪಿಯಲ್ಲಿ ಳಕಾರವಿಲ್ಲ. ಬಳ್ಳಾಪುರವು ಬಾಲಾಪುರವಾಯಿತು. ಪಾರಸಿಯಲ್ಲಿ 'ಬಾಲಾ' ಎಂದರೆ ಮೇಲೆ. ಘಟ್ಟದ ಮೇಲಿನ ಸೀಮೆಗೆ ಬಾಲಾಘಾಟ್ ಎಂದು ಹೆಸರು. ಪ್ರಸ್ಥಭೂಮಿಯ ಮೇಲಿರುವ ಊರಿಗೆ ಮೇಲೂರೆಂಬ ಅರ್ಥ ಒದಗಿದರೆ ಆ ಗುಮಾಸ್ತನಿಗೆ ಸಂದೇಹವೇಕೆ ಬಂದೀತು? ಇತ್ತ ಸಂಸ್ಕೃತ ಬಲ್ಲವನು ಅದೇ ಹೆಸರನ್ನು ಕೇಳಿದರೆ ಬಾಲಕನ ಪುರವೆಂದಾನು. ಧ್ವನಿ ಒಂದೇ, ಅರ್ಥ ಮೂರು. ಮೂರಕ್ಕೂ ಒಂದೊಂದು ಕಥೆ ಕಟ್ಟಬಹುದು.

ಬಿರಾರ್ ಸೀಮೆಯಲ್ಲಿ, ಈಗಿನ ಅಕೋಲಾ ಜಿಲ್ಲೆಯಲ್ಲಿ, ನಿಜವಾದ ಬಾಲಾಪುರವೇ ಒಂದಿದೆ. ಅದರ ಹೆಸರು ಬಾಲಾದೇವಿಯಿಂದ ಬಂದುದೆಂದು ಅಲ್ಲಿಯವರ ಹೇಳಿಕೆ. ೧೭೨೦ರಲ್ಲಿ ನಿಜಾಮ್-ಉಲ್-ಮುಲ್ಕನು ಆಲಂ ಅಲಿ ಖಾನನನ್ನು ಸೋಲಿಸಿದ ಪ್ರಸಿದ್ಧ ಯುದ್ಧವು ನಡೆದದ್ದು ಆ ಬಾಲಾಪುರದ ಬಳಿ. ನಾವು ವಿದ್ಯಾರ್ಥಿದೆಸೆಯಲ್ಲಿ ಕಿರ್ಮಾನಿಯ ಹೈದರ್ ಚರಿತ್ರೆಯನ್ನು, ಕರ್ನಲ್ ಮೈಲ್ಸನು ೧೮೪೨ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭಾಷಾಂತರದಲ್ಲಿ ಓದುತ್ತಿದ್ದಾಗ ಬಾಲಾಪುರವೆಂಬ ಹೆಸರು ಬಂದಿತು. ಭೂಪಟವನ್ನು ಬಿಡಿಸಿ ಬಿರಾರಿನಲ್ಲಿ ಬೆರಳಿಟ್ಟು, ಹೈದರನ ತಂದೆ ಎಷ್ಟು ದೂರದಲ್ಲಿ ಚಾಕರಿ ಮಾಡಿದನಪ್ಪಾ ಎಂದು ಬೆರಗಾಗಿ ಒಂದು ಟಿಪ್ಪಣಿಯನ್ನೂ ಬರೆದಿಟ್ಟೆವು. ಪುಸ್ತಕದಲ್ಲಿ ಅದರ ಪಕ್ಕಕ್ಕೆ ಕಲಾನ್ ಎಂಬ ಮಾತು ಸೇರಿದ್ದುದನ್ನು ಗಮನಿಸಲಿಲ್ಲ. ಕಲಾನ್ ಎಂದರೆ ದೊಡ್ಡದು, ಖುರ್ದ್ ಎಂದರೆ ಚಿಕ್ಕದು: ಬಾಲಾಪುರ ಕಲಾನ್ ನಮ್ಮ ದೊಡ್ಡಬಳ್ಳಾಪುರ, ಬಾಲಾಪುರ ಖುರ್ದ್ ನಮ್ಮ ಚಿಕ್ಕಬಳ್ಳಾಪುರ. ಆ ಹಾಳೆಯನ್ನು ನಾಚಿಕೆಯಿಂದ ಹರಿದುಹಾಕಿದೆವು.

ಈ ತಪ್ಪಿನಿಂದ ಎಂತಹ ಘಟನೆ ಊರು ತಪ್ಪುತ್ತಿತ್ತೆಂಬುದನ್ನು ನೋಡಿ. ಹೈದರನ ತಂದೆ ಫತೇ ಮಹಮ್ಮದನು ಯುದ್ಧದಲ್ಲಿ ಮಡಿದ ಬಳಿಕ, ದೊಡ್ಡಬಳ್ಳಾಪುರವನ್ನು ಜಹಗೀರಾಗಿ ಪಡೆದಿದ್ದ ಅಬ್ಬಾಸ್ ಕುಲಿ ಖಾನನು ಆ ಕುಟುಂಬದಿಂದ ಹಣವನ್ನು ಕಿತ್ತುಕೊಳ್ಳುವುದಕ್ಕಾಗಿ ಎಳೆಯ ಮಕ್ಕಳಾದ ಶಹಬಾಜ್, ಹೈದರರನ್ನು ನಗಾರಿಯೊಳಗೆ ಕೂಡಿ ಮೇಲೆ ಚರ್ಮವನ್ನು ಬಿಗಿದು ಬಾರಿಸಿ ಹಿಂಸಿಸಿದನೆಂದು ವಿಲ್ಕ್ಸನು ಬರೆದಿದ್ದಾನೆ. ಹೈದರನು ಇದನ್ನು ಮರೆಯಲಿಲ್ಲ. ೧೭೬೧ರಲ್ಲಿ, ಬಸಾಲತ್ ಜಂಗನಿಂದ ಶಿರಾದ ನವಾಬಗಿರಿಯ ಸನ್ನದನ್ನು ಪಡೆದ ವರುಷದಲ್ಲಿಯೇ, ದೊಡ್ಡಬಳ್ಳಾಪುರದ ಮೇಲೆ ದಂಡೆತ್ತಿ ಬಂದನು. ಅಬ್ಬಾಸ್ ಕುಲಿ ಖಾನನು ಮದರಾಸಿಗೆ ಓಡಿಹೋದನು. ಮುಂದೆ ಹೈದರನ ಸೈನ್ಯ ಕರಾವಳಿಗೆ ಇಳಿದಾಗ ಅಲ್ಲಿಯೂ ಧೈರ್ಯ ಸಾಲದೆ ಹಡಗನ್ನು ಹತ್ತಿ, ಸೈನ್ಯ ಘಟ್ಟವನ್ನು ಏರಿಹೋಗುವವರೆಗೂ ನೆಲಕ್ಕೆ ಕಾಲಿಡಲಿಲ್ಲವಂತೆ. ಆ ನಗಾರಿಯ ಸದ್ದನ್ನು ಬಿರಾರಿನಲ್ಲಿ ಕೇಳಿದವರು ಯಾರೂ ಇಲ್ಲ. ಅದು ನಮ್ಮ ಅರ್ಕಾವತಿಯ ಸೀಮೆಯದು.

ದೊಡ್ಡ ಮತ್ತು ಚಿಕ್ಕ ಎಂಬ ವಿಶೇಷಣಗಳೂ ಕಾಲದೊಡನೆ ಚೇಷ್ಟೆ ಮಾಡಿವೆ. ಇಂದು ಚಿಕ್ಕದೆನಿಸಿಕೊಂಡ ಬಳ್ಳಾಪುರವು ೨೦೦೭ರಲ್ಲಿ ರಚಿತವಾದ ಜಿಲ್ಲೆಗೆ ಕೇಂದ್ರವಾಗಿದೆ. ದೊಡ್ಡದು ತಾಲ್ಲೂಕಿನ ಊರಾಗಿ ಉಳಿದಿದೆ. ಹೊಸಕೋಟೆಯೂ ಹಾಗೆಯೇ. ಸುಗಟೂರಿನ ತಮ್ಮೇಗೌಡನು ೧೫೯೫ರ ಸುಮಾರಿಗೆ ಕಟ್ಟಿಸಿದ ಕೋಟೆ ಕೋಲಾರದ ಕೋಟೆಗೆ ಹೋಲಿಸಿದರೆ ಹೊಸದು. ನಾಲ್ಕು ಶತಮಾನ ಕಳೆದರೂ ಅದು ಹೊಸದೇ. ನೆಲಮಂಗಲದ ಮಂಗಲಕ್ಕೂ ಮಂಗಳಾದೇವಿಯ ಮಂಗಳೂರಿಗೂ ನಂಟನ್ನು ಹುಡುಕುವವರುಂಟು. ಮಂಗಲವೆಂದು ಕೊನೆಗೊಳ್ಳುವ ಹೆಸರುಗಳು ಸಾಮಾನ್ಯವಾಗಿ, ತಮಿಳು ಶಾಸನಗಳ ಚತುರ್ವೇದಿಮಂಗಲಗಳಂತೆ, ಬ್ರಾಹ್ಮಣರಿಗೆ ಬಿಟ್ಟ ಊರುಗಳನ್ನು ನೆನಪಿಗೆ ತರುತ್ತವೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗೋಣ.

ದೇವನಹಳ್ಳಿಯಲ್ಲಿ ಇನ್ನೊಂದು ಎಡವುಗಲ್ಲಿದೆ. ಅದರ ಹಿಂದಿನ ಹೆಸರು ದೇವನದೊಡ್ಡಿ. ದೊಡ್ಡಿಯೆಂದರೆ ದನಗಳನ್ನು ಕೂಡುವ ಸ್ಥಳ. ದೊಡ್ಡಬಳ್ಳಾಪುರದ ದೊಡ್ಡದಕ್ಕೂ ಇದಕ್ಕೂ ಸಂಬಂಧವಿಲ್ಲ. ಆವತಿಯ ಮಲ್ಲಬೈರೇಗೌಡನು ೧೫೦೧ರಲ್ಲಿ ಅಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು; ದನದ ದೊಡ್ಡಿ ಹಳ್ಳಿಯಾಯಿತು. ಮುಂದೆ ಟಿಪ್ಪುಸುಲ್ತಾನನು ತಾನು ಹುಟ್ಟಿದ ಈ ಊರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟನು. ಯೂಸುಫನೆಂದರೆ ರೂಪಕ್ಕೆ ಹೆಸರಾದ ಪುರುಷ. ಸುಲ್ತಾನನ ಆಜ್ಞೆಗೆ ಕೋಟೆಯ ಕಲ್ಲುಗಳು ತಲೆಬಾಗಿದವು, ಜನರ ನಾಲಗೆ ತಲೆಬಾಗಲಿಲ್ಲ. ಇಂದು ದೇಶವಿದೇಶಗಳಿಂದ ವಿಮಾನದಲ್ಲಿ ಬಂದಿಳಿಯುವವರು ಕಾಲಿಡುವುದು ಆ ದೊಡ್ಡಿಯ ನೆರೆಯ ಬಯಲಿನಲ್ಲಿಯೇ.

ಆದರೆ ಎಲ್ಲ ಹೊಸ ಹೆಸರುಗಳೂ ಹೀಗೆ ಸೋಲುವುದಿಲ್ಲ. ಅದೇ ತಾಲ್ಲೂಕಿನಲ್ಲಿ ವಡಿಗೇನಹಳ್ಳಿಯೆಂಬ ವ್ಯಾಪಾರದ ಊರೊಂದಿತ್ತು. ಅದೀಗ ವಿಜಯಪುರ, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದುದು. ಬಹುಕಾಲ ಈ ಹೆಸರಿನಿಂದ ತೊಂದರೆಯೇನೂ ಇರಲಿಲ್ಲ; ಗೋಳಗುಮ್ಮಟದ ಊರನ್ನು ಎಲ್ಲರೂ ಬಿಜಾಪುರವೆನ್ನುತ್ತಿದ್ದರು. ಬಿಜಾಪುರವೂ ವಿಜಯಪುರವೇ, ಮಾತಿನಲ್ಲಿ ಸವೆದುದು. ೨೦೧೪ರ ನವೆಂಬರ್ ೧ರಂದು ಸರ್ಕಾರವು ಅದಕ್ಕೆ ಮೂಲರೂಪವನ್ನು ಹಿಂದಕ್ಕೆ ಕೊಟ್ಟಿತು. ಅದು ನ್ಯಾಯವೇ. ಆದರೆ ಹಿಂದೊಮ್ಮೆ ಬಿಜಾಪುರದ ಸುಲ್ತಾನರು ಗೆದ್ದುಕೊಂಡ ಸೀಮೆಯಲ್ಲಿರುವ ಈ ಪುಟ್ಟ ಊರು ಈಗ ಅದೇ ಹೆಸರನ್ನು ಹಂಚಿಕೊಳ್ಳಬೇಕಾಗಿ ಬಂದಿದೆ. ಮುಂದಿನ ಶತಮಾನದ ವಿದ್ಯಾರ್ಥಿಯೊಬ್ಬನು ನಮ್ಮ ಕಾಲದ ಕಾಗದಪತ್ರಗಳಲ್ಲಿ ವಿಜಯಪುರದ ರೇಷ್ಮೆಯನ್ನು ಕಂಡು ಗೋಳಗುಮ್ಮಟದ ನೆರಳಿನಲ್ಲಿ ಹಿಪ್ಪುನೇರಳೆಯ ತೋಟಗಳನ್ನು ಹುಡುಕಿದರೆ ನಾವು ನಗುವಂತಿಲ್ಲ. ಬಿರಾರಿನಲ್ಲಿ ಬೆರಳಿಟ್ಟವರು ನಾವೇ.

ಕಳೆದ ಸಲ ಅಲ್ಲಿಗೆ ಹೋಗಿದ್ದಾಗ ಬಸ್ಸಿನ ನಿಲ್ದಾಣದಲ್ಲಿ ಮುದುಕಿಯೊಬ್ಬರನ್ನು ಕೇಳಿದೆವು, "ತಾಯಿ, ಈ ಬಸ್ಸು ವಿಜಯಪುರಕ್ಕೆ ಹೋಗುತ್ತದೆಯೆ?" ಆಕೆ ನಮ್ಮನ್ನು ಮೇಲೆ ಕೆಳಗೆ ನೋಡಿ ಕೇಳಿದರು: "ಯಾವ ವಿಜಯಪುರ ಸ್ವಾಮಿ, ವಡಿಗೇನಹಳ್ಳಿಯೋ?"