ಬರಿಗಾಲ ವಿಂಗರ್ ಮೊಹಮ್ಮದ್ ಸಲೀಂ: ಒಂದು ವೃತ್ತಿಜೀವನದ ಮರುಪರಿಶೀಲನೆ

ಭಾರತೀಯ ಫುಟ್‌ಬಾಲ್ ಚರಿತ್ರೆಯಲ್ಲಿ ಮೊಹಮ್ಮದ್ ಸಲೀಂ ಅವರ ಹೆಸರು ಬಂದಾಗಲೆಲ್ಲ ಒಂದೇ ಛಾಯಾಚಿತ್ರ ಅಚ್ಚಾಗುತ್ತದೆ. ಅದು 1936ರಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್‌ನಲ್ಲಿ ತೆಗೆದದ್ದು. ಕ್ಲಬ್ಬಿನ ತರಬೇತುದಾರ ಜಿಮ್ಮಿ ಮೆಕ್‌ಮೆನಮಿ ಬಗ್ಗಿ, ಬರಿಗಾಲಲ್ಲೇ ಆಡುತ್ತಿದ್ದ ಸಲೀಂ ಪಾದಕ್ಕೆ ಬಟ್ಟೆಪಟ್ಟಿ ಸುತ್ತುತ್ತಿದ್ದಾರೆ. ಮೆಕ್‌ಮೆನಮಿ ಸಾಮಾನ್ಯರಲ್ಲ. ಸ್ಕಾಟ್ಲೆಂಡ್ ಪರ ಆಡಿದವರು, ‘ನೆಪೋಲಿಯನ್’ ಎಂಬ ಅಡ್ಡಹೆಸರು ಪಡೆದವರು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಅಂಥವರು ಭಾರತೀಯನೊಬ್ಬನ ಪಾದ ಹಿಡಿದ ಆ ನೋಟ ಇಂದಿಗೂ ಮನಸ್ಸನ್ನು ಕಲಕುತ್ತದೆ. ಆದರೆ ಈ ಒಂದು ಚಿತ್ರ ಸಲೀಂ ಅವರ ಉಳಿದ ಆಟವನ್ನೆಲ್ಲ ನುಂಗಿಹಾಕಿದೆ ಎಂಬುದು ನನ್ನ ವಾದ.

ಸಲೀಂ ಹುಟ್ಟಿದ್ದು 1904ರಲ್ಲಿ, ಕೋಲ್ಕತ್ತದ ಮೆಟಿಯಾಬ್ರುಜ್‌ನಲ್ಲಿ. ಅವಧದ ಗಡೀಪಾರಾದ ನವಾಬ ವಾಜಿದ್ ಅಲಿ ಷಾ ಬಂದು ನೆಲೆಸಿದ್ದ ಬಡಾವಣೆ ಅದು. ಸಲೀಂ ಏಳು ವರ್ಷದ ಹುಡುಗನಾಗಿದ್ದಾಗ, 1911ರಲ್ಲಿ, ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಆ ತಂಡದವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಸಲೀಂ ಕಲಿತ ಆಟವೂ ಅದೇ. ಒಣಗಿದ ಅಂಗಳದಲ್ಲಿ ಚೆಂಡು ಬರಿಪಾದಕ್ಕೆ ಚೆನ್ನಾಗಿ ಸಿಗುತ್ತದೆ. ಮಳೆಗಾಲದ ಕೆಸರಿನಲ್ಲಿ ಅದೇ ಪಾದ ಜಾರುತ್ತದೆ. ಕೋಲ್ಕತ್ತ ಲೀಗ್ ನಡೆಯುತ್ತಿದ್ದುದೋ ಮಳೆಗಾಲದಲ್ಲಿ. ಬಿಳಿಯರ ತಂಡಗಳ ಬೂಟಿಗೆ ಸಿಗುತ್ತಿದ್ದ ದೊಡ್ಡ ಅನುಕೂಲ ಇದೇ.

1898ರಲ್ಲಿ ಶುರುವಾದ ಆ ಲೀಗನ್ನು 1933ರವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. 1934ರಲ್ಲಿ ಮೊದಲ ಡಿವಿಷನ್‌ಗೆ ಬಡ್ತಿ ಪಡೆದ ಮೊಹಮ್ಮಡನ್ ಸ್ಪೋರ್ಟಿಂಗ್ ಅದೇ ವರ್ಷ ಪ್ರಶಸ್ತಿ ಎತ್ತಿತು. ಅಲ್ಲಿಂದ 1938ರವರೆಗೆ ಒಟ್ಟು ಐದು ಬಾರಿ ಸತತವಾಗಿ ಗೆದ್ದಿತು. ಕ್ಲಬ್ಬು ಬಂಗಾಳದ ಆಟಗಾರರನ್ನಷ್ಟೇ ನೆಚ್ಚಿಕೊಳ್ಳದೆ ಬೆಂಗಳೂರು ಸೇರಿದಂತೆ ದೂರದ ಊರುಗಳಿಂದ ಪ್ರತಿಭಾವಂತರನ್ನು ಕರೆತಂದಿತ್ತು, ಮಳೆಯ ದಿನ ಹಗುರವಾದ ಬೂಟು ತೊಡುವ ರೂಢಿಯನ್ನೂ ತಂದಿತ್ತು. ಆ ತಂಡದಲ್ಲಿ ಅಂಚಿನಿಂದ ನುಗ್ಗಿ ಗೋಲಿನ ಮುಂದಕ್ಕೆ ಚೆಂಡು ತಲುಪಿಸುವ ಹೊಣೆ ಹೊತ್ತವರು ಸಲೀಂ.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ಕೋಲ್ಕತ್ತದಲ್ಲಿ ಪ್ರದರ್ಶನ ಪಂದ್ಯಗಳನ್ನು ಆಡಿತು. ಮೊದಲ ಪಂದ್ಯದಲ್ಲಿ ಮಿಂಚಿದ ಸಲೀಂ, ಇಂಗ್ಲೆಂಡಿನಲ್ಲಿದ್ದ ನೆಂಟ ಹಾಷಿಂ ಅವರ ಒತ್ತಾಯಕ್ಕೆ ಮಣಿದು ಹಡಗು ಹತ್ತಿದರು. ಸೆಲ್ಟಿಕ್ ವ್ಯವಸ್ಥಾಪಕ ವಿಲ್ಲಿ ಮೇಲಿ ಅವರ ಮುಂದೆ ಪರೀಕ್ಷೆ ಕೊಟ್ಟು ಗೆದ್ದು, ಆಗಸ್ಟ್ 28ರ ಶುಕ್ರವಾರ ಗಾಲ್‌ಸ್ಟನ್ ವಿರುದ್ಧ ಕಣಕ್ಕಿಳಿದರು. ಸೆಲ್ಟಿಕ್ 7–1ರಿಂದ ಗೆದ್ದಿತು. ಮರುದಿನದ ‘ಸ್ಕಾಟಿಷ್ ಡೈಲಿ ಎಕ್ಸ್‌ಪ್ರೆಸ್’ ಪ್ರಕಾರ ಆ ಏಳರಲ್ಲಿ ಮೂರು ಗೋಲು ಹುಟ್ಟಿದ್ದು ಸಲೀಂ ಆಟದಿಂದ. ಪೆನಾಲ್ಟಿ ಹೊಡೆಯಲು ಕೇಳಿದಾಗ ಅವರು ನಾಚಿಕೊಂಡು ಒಲ್ಲೆ ಎಂದರು. ಹ್ಯಾಮಿಲ್ಟನ್ ವಿರುದ್ಧದ ಇನ್ನೊಂದು ಪಂದ್ಯದಲ್ಲಿ ಗೆಲುವು 5–1.

ಇವೆರಡೂ ಮೀಸಲು ತಂಡ ಆಡಿದ ಪಂದ್ಯಗಳು. ಇದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಸೆಲ್ಟಿಕ್ ಆಗಷ್ಟೇ 1935–36ರ ಸ್ಕಾಟಿಷ್ ಲೀಗ್ ಗೆದ್ದಿತ್ತು. ಮೊದಲ ತಂಡದ ಎರಡು ಅಂಚುಗಳಲ್ಲಿ ಜಿಮ್ಮಿ ಡಿಲೇನಿ, ಫ್ರಾಂಕ್ ಮರ್ಫಿ ಅವರಂಥ ಗಟ್ಟಿಗರಿದ್ದರು. ಸಲೀಂಗೆ ಆಗಲೇ 32 ವರ್ಷ. ಓಟವನ್ನೇ ನಂಬಿದ ವಿಂಗರ್‌ಗೆ ಅದು ಹೊಸದಾಗಿ ಶುರು ಮಾಡುವ ವಯಸ್ಸಲ್ಲ. ಆ ವಯಸ್ಸಿನಲ್ಲಿ, ಅಪರಿಚಿತ ಅಂಗಳದಲ್ಲಿ, ಬೂಟು ತೊಟ್ಟ ಎದುರಾಳಿಗಳ ನಡುವೆ ಅವರು ತೋರಿದ ಹಿಡಿತಕ್ಕೆ ಈ ಎರಡು ಪಂದ್ಯಗಳೇ ಸಾಕಷ್ಟು ದೊಡ್ಡ ಪುರಾವೆ.

ಮುಂದಿನ ಕಥೆಗೆ ಆಧಾರ ಬಹುಮಟ್ಟಿಗೆ ಕುಟುಂಬದ ನೆನಪು. ಊರಿನ ಹಂಬಲದಿಂದ ಸಲೀಂ ಮರಳಲು ಹೊರಟಾಗ, ಅವರನ್ನು ಉಳಿಸಿಕೊಳ್ಳಲೆಂದು ಕ್ಲಬ್ಬು ಒಂದು ಪಂದ್ಯದ ಟಿಕೆಟ್ ಹಣದಲ್ಲಿ ಶೇ. 5ರ ಪಾಲು ಕೊಡಲು ಮುಂದಾಯಿತಂತೆ. ಅವರು ಅದನ್ನು ಅನಾಥ ಮಕ್ಕಳಿಗೆ ಕೊಡಿ ಎಂದರಂತೆ. ಆ ಪಾಲು 1,800 ಪೌಂಡ್ ಆಯಿತಂತೆ. ದಾನದ ಮಾತನ್ನು ನಾನು ನಂಬುತ್ತೇನೆ, ಮೊತ್ತವನ್ನು ನಂಬಲಾರೆ. ಶೇ. 5 ಎಂದರೆ 1,800 ಆಗಬೇಕಾದರೆ ಒಟ್ಟು ಗಳಿಕೆ 36,000 ಪೌಂಡ್ ಇರಬೇಕು. ತಲೆಗೆ ಒಂದು ಷಿಲಿಂಗ್ ಟಿಕೆಟ್ ಎಂದು ಹಿಡಿದರೆ 7,20,000 ಜನ ಸೇರಿರಬೇಕು. 1937ರಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯಕ್ಕೆ ಹ್ಯಾಂಪ್‌ಡನ್ ಪಾರ್ಕಿನಲ್ಲಿ ನೆರೆದ ದಾಖಲೆಯ ಜನಸಂದಣಿಯೇ 1,49,415. ಲೇಖನದಿಂದ ಲೇಖನಕ್ಕೆ ಈ ಅಂಕಿ ಪ್ರಶ್ನೆಯಿಲ್ಲದೆ ಸಾಗಿಬಂದಿರುವುದು ಬೇಸರದ ಸಂಗತಿ. ಸಲೀಂ ಅವರ ದೊಡ್ಡತನಕ್ಕೆ ಇಂಥ ಉಬ್ಬಿಸಿದ ಲೆಕ್ಕ ಬೇಕಿಲ್ಲ.

ಮುಪ್ಪಿನಲ್ಲಿ ಅವರು ಕಾಯಿಲೆ ಬಿದ್ದಾಗ ಮಗ ಸೆಲ್ಟಿಕ್‌ಗೆ ಪತ್ರ ಬರೆದರು. ಕ್ಲಬ್ಬು 100 ಪೌಂಡ್‌ಗಳ ಡ್ರಾಫ್ಟ್ ಕಳಿಸಿತು. ತಂದೆಯನ್ನು ಕ್ಲಬ್ಬು ಮರೆತಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಮಗ ಅದನ್ನು ನಗದು ಮಾಡಿಸದೆ ಇಟ್ಟುಕೊಂಡರು. ಸಲೀಂ ತೀರಿಕೊಂಡದ್ದು 1980ರಲ್ಲಿ.

ಗ್ಲಾಸ್ಗೋದ ಎರಡು ಪಂದ್ಯ ತಕ್ಕಡಿಯ ಒಂದು ತಟ್ಟೆಯಲ್ಲಿ, ಕೋಲ್ಕತ್ತದ ಐದು ಲೀಗ್ ಕಿರೀಟ ಇನ್ನೊಂದರಲ್ಲಿ ಇಟ್ಟರೆ ತೂಕ ಎತ್ತ ಎಂಬುದರಲ್ಲಿ ಅನುಮಾನವಿಲ್ಲ. ಅದೇ ಕಾಲದಲ್ಲಿ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಮೊಹಮ್ಮಡನ್‌ಗೆ ಆಟಗಾರರನ್ನು ಕೊಟ್ಟ ನಗರವೂ ಇದೇ. ಆ ತಲೆಮಾರಿನ ಚಿತ್ರ, ಪತ್ರ, ಪತ್ರಿಕೆಯ ತುಣುಕು ಬೆಂಗಳೂರಿನ ಯಾವ ಮನೆಯಲ್ಲಿದ್ದರೂ ದಯವಿಟ್ಟು ಎಸೆಯಬೇಡಿ. ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ತಲುಪಿಸಿ.