ತಾಳಿ ಸರದ ಹವಳ ಎಲ್ಲಿಂದ ಬಂತು?

ಸಿ.ಎಸ್. ಪುರದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಸಿಗೋಕೆ ಹತ್ತಿರಹತ್ತಿರ 200 ಕಿಲೋಮೀಟರ್ ಹೋಗಬೇಕು. ಆದರೂ ಆ ಕಡೆಯ ಅಜ್ಜಿಯರ ತಾಳಿ ಸರ ನೋಡಿ: ಕರಿಮಣಿ, ಚಿನ್ನದ ಗುಂಡುಗಳ ನಡುವೆ ಒಂದೆರಡು ಕೆಂಪು ಹವಳ ಇಣುಕ್ತಿರುತ್ತೆ.

ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಬಂದವರು 'ಹವಳ ನೋಡಿದೆ' ಅಂತಾರಲ್ಲ, ಅದಲ್ಲ ಇದು. ಒಡವೆಯ ಹವಳ ಹೆಚ್ಚಾಗಿ ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ. ಅಲ್ಲಿನ ತಣ್ಣನೆಯ ಮಬ್ಬುಗತ್ತಲಲ್ಲಿ, ಬಂಡೆಯ ಅಡಿಯಲ್ಲಿ, ಗುಹೆಯ ಚಾವಣಿಯಲ್ಲಿ ಬೆಳೆಯೋ ಜೀವಿ ಅದು. ಮೆದು ಹವಳಗಳ ಹತ್ತಿರದ ನೆಂಟ. ಒಂದೊಂದು ಪುಟ್ಟ ಜೀವಿಗೂ ಎಂಟೆಂಟು ಬಿಳಿ ತೋಳು. ಅವೆಲ್ಲ ಸೇರಿ ಕಟ್ಟೋ ಕೆಂಪು ಕಡ್ಡಿಯನ್ನು ಕತ್ತರಿಸಿ ಮಣಿ ಮಾಡ್ತಾರೆ. ಕಡ್ಡಿ ವರ್ಷಕ್ಕೆ ಅರ್ಧ ಮಿಲಿಮೀಟರೂ ದಪ್ಪ ಆಗಲ್ಲ. ಅಂದರೆ 5 ಮಿ.ಮೀ. ಮಣಿಗೆ 10 ವರ್ಷಕ್ಕಿಂತ ಜಾಸ್ತಿ ಬೇಕು.

ಈ ವ್ಯಾಪಾರ ಎಷ್ಟು ಹಳೇದು? 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್', ಕೇರಳದ ಮುಜಿರಿಸ್ ಬಂದರಿಗೆ ಬರುವ ಸರಕುಗಳಲ್ಲಿ ಹವಳವನ್ನೂ ಹೆಸರಿಸುತ್ತೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಪ್ರಕಾರ, ರೋಮನ್ನರಿಗೆ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ. ಧರಿಸಿದರೆ ಆಪತ್ತು ತಪ್ಪುತ್ತೆ ಅಂತ ಅಲ್ಲಿನ ಜೋಯಿಸರು ನಂಬ್ತಾರಂತೆ. ಕುಜದೋಷಕ್ಕೆ ಹವಳದ ಉಂಗುರ ಹಾಕ್ಕೊಳ್ಳಿ ಅನ್ನೋ ಸಲಹೆ ಕೇಳಿದವರಿಗೆ ಇದೇನು ಹೊಸದಲ್ಲ ಬಿಡಿ. ಅವನ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ. ಹಿಂದೆ ಗಾಲ್ ದೇಶದ ಜನ, ಅಂದರೆ ಇಂದಿನ ಫ್ರಾನ್ಸ್ ಕಡೆಯವರು, ಕತ್ತಿ ಗುರಾಣಿಗಳಿಗೆ ಹವಳ ಕೂರಿಸ್ತಿದ್ದರು; ಭಾರತದಲ್ಲಿ ಅದಕ್ಕೆ ಸಿಗೋ ಬೆಲೆಯಿಂದಾಗಿ ಈಗ ಹುಟ್ಟಿದ ನಾಡಲ್ಲೇ ಅದು ಕಾಣಸಿಗೋದು ಅಪರೂಪ. ಬೇಡಿಕೆ ನಮ್ಮದು, ಬರಿದಾಗಿದ್ದು ಅವರ ಕಡಲು. ಅದೂ ಸುಮಾರು 2000 ವರ್ಷದ ಹಿಂದೆ!

ಒಳನಾಡಿಗೆ ದಾರಿಯೂ ಇತ್ತು. 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ನಾವು ಗುಬ್ಬಿಗೆ ರೈಲು ಹತ್ತೋ ಅದೇ ಯಶವಂತಪುರ. ನಾಣ್ಯ ಬಂದ ದಾರೀಲಿ ಮಣಿ ಬರೋದು ಕಷ್ಟವೇನಲ್ಲ.

17, 18ನೇ ಶತಮಾನದ ಕತೆ ಇನ್ನೂ ಸ್ವಾರಸ್ಯ. ಇಟಲಿಯ ಲಿವೋರ್ನೊದ ಯಹೂದಿ ವರ್ತಕರು ಲಿಸ್ಬನ್ ಮೂಲಕ ಗೋವೆಗೆ ಹವಳ ಕಳಿಸೋರು. ಗೋವೆಯ ಸಾರಸ್ವತ ವ್ಯಾಪಾರಿಗಳು ಬದಲಿಗೆ ವಜ್ರ ಕಳಿಸೋರು. ಧರ್ಮ ಬೇರೆ, ಕೋರ್ಟು ಬೇರೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲಾ ನಡೆದದ್ದು ಪೋರ್ಚುಗೀಸಿನಲ್ಲಿ ಬರೆದ ಕಾಗದಗಳ ನಂಬಿಕೆ ಮೇಲೆ. ಹಡಗು ಹೋಗಿ ಬಂದ ಮೇಲೇ ಉತ್ತರ. ಎರಡು ದಿನ ಈಮೇಲ್‌ಗೆ ರಿಪ್ಲೈ ಬರದಿದ್ದರೆ ನಾವು ಚಡಪಡಿಸ್ತೀವಿ.

ಕಡಲಡಿಯಲ್ಲಿ ಮಾತ್ರ ಇಷ್ಟು ನಯ ಇರಲಿಲ್ಲ. ಮರದ ಶಿಲುಬೆಗೆ ಬಲೆ ಕಟ್ಟಿ, ದೋಣಿಯಿಂದ ಇಳಿಬಿಟ್ಟು, ಬಂಡೆಗಳ ಮೇಲೆ ಎಳೀತಿದ್ದರು. ಮುರಿದದ್ದರಲ್ಲಿ ಬಲೆಗೆ ಸಿಕ್ಕಿದಷ್ಟು ಮೇಲೆ ಬರ್ತಿತ್ತು, ಉಳಿದದ್ದು ತಳದಲ್ಲೇ ಹಾಳು. ಐರೋಪ್ಯ ಒಕ್ಕೂಟ ಇದನ್ನು ನಿಷೇಧಿಸಿದ್ದು 1994ರಲ್ಲಿ. ಈಗ ಮುಳುಗುಗಾರರು ಸುತ್ತಿಗೆ ಹಿಡಿದು ಇಳೀತಾರೆ. ಈ ಹವಳದ ವ್ಯಾಪಾರವನ್ನು ಅಂತರರಾಷ್ಟ್ರೀಯ ಪರವಾನಗಿಯ ಕೆಳಗೆ ತರೋ ಪ್ರಸ್ತಾಪ 2010ರ ದೋಹಾ ಸಮ್ಮೇಳನದಲ್ಲಿ ಸಾಕಷ್ಟು ಮತ ಸಿಗದೆ ಬಿದ್ದುಹೋಯ್ತು.

ಅಂಗಡೀಲಿ ಈಗ ಗಾಜು, ಪ್ಲಾಸ್ಟಿಕ್ಕೂ ಹವಳದ ಹೆಸರಲ್ಲೇ ಸಿಗುತ್ತೆ. ಮನೆಯ ಹಳೇ ಸರ ಕೈಗೆ ಸಿಕ್ಕರೆ ಮಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಒಂದರ ಪಕ್ಕ ಒಂದು ಸಾಗೋ ಕೂದಲೆಳೆಯಂಥ ಗೆರೆಗಳು ಕಂಡರೆ, ಅದು ಗಾಜಲ್ಲ.